ಬೇಯದ ಎಲುಬು

ತರೀಕೆರೆಯಲ್ಲಿ ಬಸ್ಸಿಳಿದ ಕೂಡಲೇ ಸುತ್ತ ಕಣ್ಣಾಡಿಸಿ, ಪರಿಚಯದ ಮುಖ ಯಾವುದೂ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಈ ಒಂದು ವರ್ಷದಲ್ಲಿ ಓಂಕಾರಮೂರ್ತಿಗೆ ಅಭ್ಯಾಸವಾಗಿಹೋಗಿತ್ತು. ಕಡೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಮೇಷ್ಟರೊಬ್ಬರು ಬೆಳಗಿನ ಮೊದಲ ಬಸ್ಸಿಗೆ ತರೀಕೆರೆಗೆ ಬಂದರೆ ಯಾರಿಗೂ ಅನುಮಾನ ಹುಟ್ಟಬೇಕಾಗಿರಲಿಲ್ಲ; ಅಡಿಕೆ ಮಂಡಿಯ ಕಡೆಗೋ ನೆಂಟರ ಮನೆಯ ಕಡೆಗೋ ನಡೆದಿದ್ದರೆ ನಿಲ್ದಾಣದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತವರು ತಲೆಯೆತ್ತುತ್ತಲೂ ಇರಲಿಲ್ಲ. ಅವನು ನಡೆಯುತ್ತಿದ್ದುದು ಹುಸೇನ್ ಸಾಬರ ಮಾಂಸದಂಗಡಿಗೆ. ಅದೂ ಮುಂಬಾಗಿಲಿನಿಂದಲ್ಲ, ಹಿಂದಿನ ಓಣಿಯಿಂದ. ಓಣಿಗೆ ತಿರುಗುವಾಗ ಎಡಗೈ ತಾನಾಗಿ ಅಂಗಿಯೊಳಗಿನ ಲಿಂಗದ ಕರಡಿಗೆಯ ಮೇಲೆ ಹೋಗುತ್ತಿತ್ತು, ನೋಡಬಾರದ್ದನ್ನು ನೋಡದಿರಲೆಂದು ಮಗುವಿನ ಕಣ್ಣು ಮುಚ್ಚುವವರ ಹಾಗೆ. ಮಾಂಸದಂಗಡಿ ಕಡೂರಿನಲ್ಲೂ ಇತ್ತು, ಕಾಲೇಜಿನಿಂದ ಕೂಗಳತೆಯಲ್ಲಿ. ಆದರೆ ಅದರ ಎದುರಿಗೇ ಅವನ ಹೆಂಡತಿಯ ಸೋದರಮಾವ ಶಿವಮೂರ್ತಪ್ಪನವರ ಕೊಬ್ಬರಿ ಮಂಡಿಯಿತ್ತು. ಹೀಗಾಗಿ ಕೂಗಳತೆಯ ದಾರಿಯನ್ನು ಬಿಟ್ಟು ಅವನು ಬೀರೂರು ದಾಟಿ ತರೀಕೆರೆಯವರೆಗೆ ಬರುತ್ತಿದ್ದ. ವಿಜ್ಞಾನ ಸಂಘದ ಸಭೆಯೆಂದು ಮನೆಯಲ್ಲಿ ಹೇಳುತ್ತಿದ್ದ.

ಅವನಿಗೆ ಬೇಕಾಗಿದ್ದುದು ಮಾಂಸವಲ್ಲ. ಎಳೆಯ ಕುರಿಯ ಉಸಿರುನಾಳ. ಅದರಲ್ಲಿ ಉಂಗುರ ಉಂಗುರವಾಗಿ ಕೂತಿರುವ ಮೆದು ಎಲುಬು. ಒತ್ತಿದರೆ ತಗ್ಗಿ, ಬಿಟ್ಟರೆ ಏಳುವ ಗುಣ ಆ ಎಲುಬಿಗೆ ಬರುವುದು ಸಕ್ಕರೆಯ ಕಣಗಳು ಕೊಂಡಿಯಾಗಿ ಸೇರಿದ ಉದ್ದನೆಯ ಸರಗಳಿಂದ. ಅವು ನೀರನ್ನು ಹಿಡಿದುಕೊಂಡು ನಿಂತಿರುತ್ತವೆ. ಪ್ರತಿ ಸರವೂ ಪ್ರೋಟೀನಿನ ಎಳೆಗೆ ಕಟ್ಟಿಕೊಂಡಿರುತ್ತದೆ, ಕಟ್ಟುವ ಗಂಟು ಕ್ಸೈಲೋಸ್ ಎಂಬ ಒಂದು ಸಣ್ಣ ಸಕ್ಕರೆ. ಗಂಟು ಬಿದ್ದ ಮೇಲೆ ಕಿಣ್ವಗಳು ಒಂದರ ಹಿಂದೊಂದು ಬಂದು ಸರ ಪೋಣಿಸುತ್ತವೆ. ಅವು ನೋಡುವುದು ಗಂಟನ್ನು ಮಾತ್ರ, ಗಂಟಿನ ಹಿಂದೆ ಇರುವುದನ್ನಲ್ಲ. ಹಾಗಾದರೆ ಬೇರೇನಕ್ಕೋ ಕಟ್ಟಿದ ಕ್ಸೈಲೋಸನ್ನು ಅವುಗಳ ಮುಂದೆ ತೇಲಿಬಿಟ್ಟರೆ ಮೋಸಹೋಗಿ ಅದರ ಮೇಲೆಯೇ ಪೋಣಿಸಬೇಕು. ಬೇರಿಲ್ಲದ ಆ ಸರ ಎಲುಬನ್ನು ಬಿಟ್ಟು ಸುತ್ತಲಿನ ದ್ರವಕ್ಕೆ ಬರಬೇಕು. ಹೊರದೇಶಗಳಲ್ಲಿ ಇದನ್ನು ಬೆಲೆಬಾಳುವ ಸಾಮಗ್ರಿಯಿಂದ ಮಾಡಿ ತೋರಿಸಿದ್ದರು. ಓಂಕಾರಮೂರ್ತಿ ತೆಂಗಿನ ಕರಟವನ್ನು ಪುಡಿಮಾಡಿ, ಆಮ್ಲದಲ್ಲಿ ಕುದಿಸಿ ಕ್ಸೈಲೋಸ್ ತೆಗೆದ. ಜೀವಕೋಶದ ಜಿಡ್ಡಿನ ಗೋಡೆಯನ್ನು ದಾಟಿಸಲೆಂದು ಲವಂಗದೆಣ್ಣೆಯ ಸಾರವನ್ನು ಅದಕ್ಕೆ ಬಾಲವಾಗಿ ಕಟ್ಟಿದ. ಬಿಳಿಯ ಹರಳು ಮೊದಲ ಸಲ ಗಾಜಿನ ತಳದಲ್ಲಿ ಕೂತಾಗ ಅವನಿಗೆ ಯಾರನ್ನಾದರೂ ಕರೆದು ತೋರಿಸಬೇಕೆನಿಸಿತ್ತು. ಕರೆಯಲು ಯಾರೂ ಇರಲಿಲ್ಲ. ಹರಳು ಸಿಕ್ಕಿತು, ಫಲ ಸಿಗಲಿಲ್ಲ. ಸಂಯುಕ್ತ ಹಾಕಿದ ಗಾಜು, ಹಾಕದ ಗಾಜು, ಎರಡೂ ಪ್ರತಿ ಸಲವೂ ಒಂದೇ ಸಮ. ಬೆಂಗಳೂರಿನಲ್ಲಿದ್ದ ಅವನ ಮಾರ್ಗದರ್ಶಕರು, ಪ್ರೊಫೆಸರ್ ಗಂಗಾಧರಯ್ಯನವರು, ಪ್ರತಿ ವರದಿಯ ಕೊನೆಗೆ ಕೆಂಪು ಗೆರೆಯೆಳೆದು ‘ಜಡ’ ಎಂದು ಬರೆದು ಕಳಿಸುತ್ತಿದ್ದರು. ಒಮ್ಮೆ ಊಟದ ಹೊತ್ತಿನಲ್ಲಿ, ಹತ್ತು ಜನರೆದುರಿಗೆ, ‘ಇವರು ಕರಟದಿಂದ ಡಾಕ್ಟರೇಟ್ ತೆಗೆಯೋಕೆ ಹೊರಟಿದ್ದಾರೆ ಕಣ್ರೀ’ ಎಂದಿದ್ದರು. ಎಲ್ಲರೂ ನಕ್ಕಿದ್ದರು. ಅವರೊಡನೆ ತಾನೂ ನಕ್ಕಿದ್ದು ಓಂಕಾರಮೂರ್ತಿಗೆ ಆ ಮಾತಿಗಿಂತ ಹೆಚ್ಚು ಚುಚ್ಚುತ್ತಿತ್ತು. ಸಂಶೋಧನೆಯ ಅವಧಿಯನ್ನು ಎರಡು ಸಲ ವಿಸ್ತರಿಸಿ ಆಗಿತ್ತು. ಎಪ್ಪತ್ತೊಂಬತ್ತರ ಈ ಮಾರ್ಚಿನ ಬೆಳಿಗ್ಗೆ ಗಂಗಾಧರಯ್ಯನವರು ಬೆಂಗಳೂರಿನಿಂದ ಹೊರಟಿದ್ದರು. ಸಂಜೆ ತಮ್ಮ ಕಣ್ಣಿನಿಂದಲೇ ನೋಡಿ, ಎರಡು ಗಾಜುಗಳಲ್ಲಿ ವ್ಯತ್ಯಾಸವಿಲ್ಲದಿದ್ದರೆ ಹೆಸರು ಹೊಡೆದುಹಾಕುವುದೆಂದು ತೀರ್ಮಾನವಾಗಿತ್ತು.

ಆ ಕಾರಣಕ್ಕೇ ಅವನು ಎಂದಿಗಿಂತ ಬೇಗ ಬಂದಿದ್ದ. ಎಂದಿನಂತೆ ಬಿಸಿಲೇರಿದ ಮೇಲೆ ಬಂದಿದ್ದರೆ ಮುತ್ತುಗದ ಎಲೆಯಲ್ಲಿ ಕಟ್ಟಿದ ಪೊಟ್ಟಣ ಹಿತ್ತಲ ಕಟ್ಟೆಯ ಮೇಲೆ ಸಿದ್ಧವಾಗಿರುತ್ತಿತ್ತು. ಎತ್ತಿಕೊಂಡು ಹಿಂದಿರುಗುವುದಷ್ಟೇ ಕೆಲಸ. ಇಂದು ಹಿತ್ತಲಿನಲ್ಲಿ ಹುಸೇನ್ ಸಾಬರು ಕುಕ್ಕರುಗಾಲಿನಲ್ಲಿ ಕೂತು ಕತ್ತಿಯಾಡಿಸುತ್ತಿದ್ದರು.

“ಅರೆ, ಬೇಗ ಬಂದ್ಬಿಟ್ರಲ್ಲ ಮೇಷ್ಟ್ರೇ! ನಿಮ್ದಿನ್ನೂ ಆಗಿಲ್ಲ. ಆ ಕಡೆ ತಿರುಗಿ ಕೂತ್ಕೊಳ್ಳಿ. ಈ ಕಡೆ ನೋಡ್ಬೇಡಿ ಮತ್ತೆ, ತಲೆ ಸುತ್ತಿ ಬಿದ್ದೀರಾ.”

ಅವನು ತಿರುಗಿ ಕೂತ. ಆದರೂ ಓರೆಗಣ್ಣಿಗೆ ಕಲ್ಲಿನ ಮೇಲಿದ್ದ ಉಸಿರುನಾಳ ಕಂಡಿತು. ಕೆಂಪಿನ ನಡುವೆ ನೀಲಿ ಬೆರೆತ ಹೊಳಪು, ಒಳಗೆ ದೀಪವಿಟ್ಟ ಹಾಗೆ. ಇದೇನು ಹೀಗಿದೆ ಎಂದುಕೊಂಡ. ಅವನಿಗೆ ಪರಿಚಯವಿದ್ದ ಎಲುಬು ಸೀಮೆಸುಣ್ಣದಂತೆ ಬೆಳ್ಳಗಿತ್ತು. ಅಷ್ಟರಲ್ಲಿ ಹುಸೇನ್ ಸಾಬರ ಹೆಂಡತಿ ಶಮ್ಶುನ್ನೀಸಾ ಒಲೆಯಿಂದ ಹಬೆಯಾಡುವ ತಪ್ಪಲೆಯೊಂದನ್ನು ಬಟ್ಟೆಯಲ್ಲಿ ಹಿಡಿದು ತಂದರು.

“ಏನಮ್ಮಾ ಅದು?”

“ಬಿಸ್ನೀರು ಸ್ವಾಮಿ. ನಿಮ್ದಕ್ಕೆ.”

“ನನ್ನದಕ್ಕೆ ಯಾಕೆ?”

“ಯಾವಾಗ್ಲೂ ಹಾಕೇ ಕೊಡೋದಲ್ವಾ? ನೀವು ಲಿಂಗ ಕಟ್ಟೋರು. ಹಸೀ ರಕ್ತ ನಿಮ್ಮ ಕೈಗೆ ಹೆಂಗ್ ಕೊಡೋದು? ಕುದಿಯೋ ನೀರಲ್ಲಿ ಚೆನ್ನಾಗಿ ಅದ್ದಿ, ವಾಸ್ನೆ ತೆಗ್ದು, ಎಲೇಲಿ ಕಟ್ಟಿಡ್ತೀನಿ. ಬಸ್ಸಲ್ಲಿ ಪಕ್ಕದೋರಿಗೂ ಗೊತ್ತಾಗ್ಬಾರ್ದು ನೋಡಿ.”

“ಇವಳದೇ ಯೋಚನೆ,” ಎಂದರು ಹುಸೇನ್ ಸಾಬರು ಹೆಮ್ಮೆಯಿಂದ. “ಬೇರೆ ಯಾರಿಗೂ ಮಾಡಲ್ಲ ಮೇಷ್ಟ್ರೇ. ನಿಮಗೊಬ್ರಿಗೇ.”

ಓಂಕಾರಮೂರ್ತಿ ಎದ್ದ. ತಪ್ಪಲೆಯ ಅಂಚಿನಲ್ಲಿ ಏಳುತ್ತಿದ್ದ ಹಬೆಯನ್ನು ನೋಡುತ್ತ ನಿಂತ. ಕಿಣ್ವವೆಂದರೆ ಪ್ರೋಟೀನು, ಕುದಿವ ನೀರು ತಾಗಿದರೆ ಅದರ ಕೆಲಸ ಮುಗಿಯಿತು: ಪ್ರತಿ ವರ್ಷ ಬೋರ್ಡಿನ ಮೇಲೆ ಇದನ್ನು ಬರೆದು ಕೆಳಗೆ ಗೆರೆಯೆಳೆಯುವವನು ಅವನೇ. ಹಾಗಾದರೆ ಒಂದು ವರ್ಷ ಅವನು ಹೆಣದ ಮುಂದೆ ಎಡೆಯಿಟ್ಟು, ಯಾಕೆ ಉಣ್ಣುತ್ತಿಲ್ಲವೆಂದು ಕೊರಗುತ್ತ ಕೂತಿದ್ದ. ಬೇರೆ ಯಾರಾದರೂ ಮೊದಲ ದಿನವೇ ಕೈಯಲ್ಲಿ ಹಿಡಿದು, ಇದು ಬೆಂದದ್ದು ಎನ್ನುತ್ತಿದ್ದರು. ಅವನು ಹಸಿಯದನ್ನು ಕಂಡಿದ್ದರಲ್ಲವೆ? ಅವನ ಮನೆಯಲ್ಲಿ, ಅವನ ತಾಯಿಯ ಮನೆಯಲ್ಲಿ, ಅದರ ಹಿಂದಿನ ಮನೆಗಳಲ್ಲಿ ಯಾರೂ ಕಂಡಿರಲಿಲ್ಲ. ಕಾಲೇಜಿನ ಪ್ರಾಣಿಶಾಸ್ತ್ರದ ಜಾಡಿಗಳಲ್ಲೂ ಎಲ್ಲವೂ ಬಿಳಿ. ಬೆಳ್ಳಗಿರುವುದು ಶುದ್ಧ ಎಂದು ಅವನ ಕಣ್ಣು ಹುಟ್ಟಿನಿಂದ ಕಲಿತುಬಿಟ್ಟಿತ್ತು. ಚಿಕ್ಕವನಿದ್ದಾಗ ಅಜ್ಜಂಪುರದ ಸಂತೆಯಲ್ಲಿ ಅಜ್ಜಿ ತೀರ್ಥಮ್ಮನ ಕೈ ಹಿಡಿದು ನಡೆಯುವಾಗ ತೂಗುಹಾಕಿದ ಕುರಿಯೊಂದರ ಮುಂದೆ ಅವನು ನಿಂತುಬಿಟ್ಟಿದ್ದ. ಅಜ್ಜಿ ಗದ್ದ ಹಿಡಿದು ಮುಖ ತಿರುಗಿಸಿದ್ದಳು. ಮನೆಗೆ ಕರೆತಂದು ಹಂಡೆಯ ಬಿಸಿನೀರು ಮೊಗೆಮೊಗೆದು ತಲೆಗೆ ಹೊಯ್ದಿದ್ದಳು, ‘ಕಣ್ಣಿಗೂ ಮೈಲಿಗೆ ಅಂಟ್ತದೆ ಕಣೋ’ ಎನ್ನುತ್ತ. ನೀರು ಸುಡುತ್ತಿತ್ತು, ಅತ್ತರೂ ಅಜ್ಜಿ ಬಿಡಲಿಲ್ಲ. ಅವಳು ಅವನನ್ನು ಕಾಯುತ್ತಿದ್ದಳು. ಈ ಹೆಣ್ಣುಮಗಳೂ ಕಾಯುತ್ತಿದ್ದಳು. ಸಿಟ್ಟು ಮೇಲೆದ್ದು ಬಂದು, ಹಿಡಿಯಲು ಯಾರೂ ಸಿಗದೆ ಹಿಂದಿರುಗಿತು. ಹಿಂಬಾಗಿಲಿನಿಂದ ಬರುತ್ತಿದ್ದವನು ತಾನು; ಮುಖ ತಿರುಗಿಸಿಕೊಂಡು ಪೊಟ್ಟಣ ಎತ್ತಿಕೊಳ್ಳುತ್ತಿದ್ದವನು ತಾನು. ಅವಳು ತೊಳೆದದ್ದು ಅವನ ನಾಚಿಕೆಯನ್ನು.

ಶಮ್ಶುನ್ನೀಸಾ ತಪ್ಪಲೆಯನ್ನು ಬಗ್ಗಿಸಲು ಹೊರಟಿದ್ದರು.

“ಬೇಡ!” ಅವನ ಧ್ವನಿ ಅವನಿಗೇ ಹೊಸದಾಗಿ ಕೇಳಿಸಿತು. “ಹಾಕಬೇಡಿ. ಹಸಿಯದೇ ಕೊಡಿ. ತೊಳೆಯಲೂ ಬೇಡಿ.”

ಗಂಡಹೆಂಡಿರು ಮುಖಮುಖ ನೋಡಿಕೊಂಡರು. “ಸೋರ್ತದೆ ಸ್ವಾಮಿ. ಬಿಳೀ ಪಂಚೆ ಉಟ್ಟಿದ್ದೀರಿ,” ಎಂದರು ಶಮ್ಶುನ್ನೀಸಾ.

“ಸೋರಲಿ.”

“ಏನ್ ಮೇಷ್ಟ್ರೇ,” ಹುಸೇನ್ ಸಾಬರು ನಕ್ಕರು, “ಹೋದ್ ವಾರದವರೆಗೂ ಕಣ್ಮುಚ್ಕೊಂಡ್ ಬರ್ತಿದ್ರಿ. ಇವತ್ತೇನು, ನನ್ನ ಕತ್ತೀನೇ ಕಿತ್ಕೊಳ್ಳೋ ಹಂಗಿದ್ದೀರಲ್ಲ!”

ಉಪ್ಪುನೀರಿನ ಬಾಟಲಿಯನ್ನು ಅವನು ತಂದಿದ್ದ. ಆದರೆ ಕೊಯ್ದು ಸವರದ ಉಸಿರುನಾಳ ಅದರ ಬಾಯಿಗೆ ಹಿಡಿಸಲಿಲ್ಲ. ಹಾಗಾಗಿ ಅದನ್ನು ನಿಲ್ದಾಣದ ಹೋಟೆಲಿನಲ್ಲಿ ಕೊಂಡ ಐಸಿನಲ್ಲಿಟ್ಟು, ಎಲೆ ಸುತ್ತಿ, ಬಟ್ಟೆಯ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಬಸ್ಸು ಹತ್ತಿದ. ಬೀರೂರಿನಲ್ಲಿ, ಅಜ್ಜಂಪುರದ ರೈಲಿನಿಂದಿಳಿದ ಗುಂಪಿನೊಡನೆ ಶಿವಮೂರ್ತಪ್ಪನವರು ಹತ್ತಿ ಬಂದರು. ಜರಿಯಂಚಿನ ಧೋತ್ರ, ಹಣೆಯ ತುಂಬ ವಿಭೂತಿ. ಅವರು ಕೂತರೆ ಎರಡಾಳಿನ ಜಾಗ. ಮಂಡಿಯ ಕರಟವನ್ನೆಲ್ಲ ಅಳಿಯನ ಔಷಧಕ್ಕೆಂದು ಕಳಿಸುತ್ತಿದ್ದವರು ಇವರೇ. ಮಠದಲ್ಲಿ ನಾಲ್ಕು ಜನರ ಮುಂದೆ ಅದನ್ನು ಹೇಳಿಕೊಳ್ಳುತ್ತಿದ್ದವರೂ ಇವರೇ.

“ಏನಪ್ಪಾ ಮೂರ್ತಿ, ಇಷ್ಟ್ ಬೆಳಿಗ್ಗೆ? ಆ ಚೀಲ ಕೊಡಿಲ್ಲಿ, ಕಾಲಿಗೆ ಅಡ್ಡ.” ಬೇಡವೆನ್ನುವಷ್ಟರಲ್ಲಿ ಎಳೆದು ತೊಡೆಯ ಮೇಲಿಟ್ಟುಕೊಂಡರು. “ತಣ್ಣಗೈತಲ್ಲೋ! ಏನು, ಐಸ್ ಕ್ಯಾಂಡಿ ವ್ಯಾಪಾರ ಶುರು ಮಾಡ್ದ್ಯಾ?”

ಬಸ್ಸು ಹಳ್ಳವೊಂದಕ್ಕೆ ಇಳಿದು ಎದ್ದಿತು. ಧೋತ್ರದ ಮೇಲೆ ಕೆಂಪು ಹರಡುವುದನ್ನು ಓಂಕಾರಮೂರ್ತಿ ಅವರಿಗಿಂತ ಮೊದಲು ಕಂಡ.

“ಲೇ, ರಕ್ತ! ಕೈ ಕುಯ್ಕೊಂಡ್ಯೇನೋ? ಎಲ್ಲಿ, ತೋರ್ಸು!”

ಹೌದೆಂದರೆ ಮುಗಿಯುತ್ತಿತ್ತು. ಆ ಸುಳ್ಳನ್ನು ಅವರೇ ಅವನ ಬಾಯಿಗಿಟ್ಟಿದ್ದರು. ಅವರ ಮುಖದಲ್ಲಿ ಗಾಬರಿ, ಪ್ರೀತಿ ಎರಡೂ ಇದ್ದವು. ಓಂಕಾರಮೂರ್ತಿಯ ಎದೆಯ ಮೇಲಿನ ಕರಡಿಗೆ ಉಸಿರಿನೊಡನೆ ಏರಿಳಿಯುತ್ತಿತ್ತು. ಕೈ ಅದನ್ನು ಮುಚ್ಚಲು ಹೊರಟದ್ದನ್ನು ಅವನು ಗಮನಿಸಿ ತಡೆದ.

“ನನ್ನದಲ್ಲ ಮಾವ. ಕುರೀದು.”

“ಏನು?”

“ಕುರಿಯ ಉಸಿರುನಾಳ. ಕಾಲೇಜಿಗೆ. ನಿಮ್ಮ ಕರಟದಿಂದ ತೆಗೆದದ್ದನ್ನು ಇದರ ಮೇಲೆ ಹಾಕಿ ನೋಡೋದು. ವರ್ಷದಿಂದ ತರ್ತಿದ್ದೀನಿ.”

ಶಿವಮೂರ್ತಪ್ಪನವರು ಚೀಲವನ್ನು ಕೆಳಗಿಡಲೂ ಮರೆತು ಹಿಡಿದೇ ಕೂತರು. “ಕೊರಳಲ್ಲಿ ಲಿಂಗ ಐತೇನೋ, ಇಲ್ವೇನೋ?”

“ಐತೆ ಮಾವ.”

“ಮೇಷ್ಟ್ರ ಮನೇಲಿ ಇವತ್ತು ಭಾರಿ ಅಡಿಗೆ ಅಂತ ಕಾಣ್ತದೆ,” ಎಂದ ಕಂಡಕ್ಟರು, ಚೀಟಿ ಹರಿಯುತ್ತ. “ನಮಗೂ ಒಂದೆಲೆ ಹಾಕ್ಸಿ ಸಾರ್!” ಹಿಂದಿನ ಸೀಟುಗಳಿಂದ ನಗೆ ಮುಂದಿನವರೆಗೂ ಬಂತು. ಶಿವಮೂರ್ತಪ್ಪನವರು ಎದ್ದರು, ಚೀಲವನ್ನು ಸೀಟಿನ ಮೇಲೆ, ತಾವು ಕೂತಿದ್ದ ಜಾಗದಲ್ಲಿ ಇಟ್ಟು, ಕಡೂರು ಬರುವವರೆಗೂ ಕಂಬಿ ಹಿಡಿದು ನಿಂತೇ ಬಂದರು. ಓಂಕಾರಮೂರ್ತಿ ಕಿವಿಯವರೆಗೂ ಉರಿಯುತ್ತ ಕೂತಿದ್ದ. ಆದರೆ ಆ ಉರಿಯ ಕೆಳಗೆ ಇನ್ನೊಂದು ಏನೋ ಇತ್ತು. ಬಹಳ ಕಾಲ ಮಡಿಸಿಕೊಂಡಿದ್ದ ಕಾಲನ್ನು ನೀಡಿದಾಗ ಮೊದಲು ಜೋಮು, ಆಮೇಲೆ ನೋವು, ಆಮೇಲೆ ಹಗುರ ಆಗುವಂಥದು. ಅವನು ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಅವನ ಪಂಚೆಯೂ ಕೆಂಪಾಯಿತು.

ಪ್ರಯೋಗಶಾಲೆಯಲ್ಲಿ ಮೊದಲ ಹೋಳು ಕೊಯ್ಯುವಾಗ ಅಲಗು ಜಾರಿತು. ಬೆಂದ ಎಲುಬು ಎಂದೂ ಹೀಗೆ ಜಾರಿರಲಿಲ್ಲ, ಸುಮ್ಮನೆ ಕೊಯ್ಯಿಸಿಕೊಳ್ಳುತ್ತಿತ್ತು. ಇದು ಒತ್ತಿದರೆ ತಿರುಗಿ ಒತ್ತಿತು. ಬೆರಳ ತುದಿಗೆ ಬಂದ ಆ ಎದುರುತ್ತರವನ್ನು ಅವನು ಮತ್ತೆ ಮತ್ತೆ ಒತ್ತಿ ಕೇಳಿದ, ಓಕರಿಕೆ ಬರಬಹುದೆಂದು ಕಾದ, ಬರಲಿಲ್ಲ. ತೆಳುವಾದ ಹೋಳುಗಳನ್ನು ತೂಗಿ ಸಮನಾಗಿ ಪಾಲುಮಾಡಿ, ಎರಡು ಗಾಜುಗಳಲ್ಲಿ ಉಪ್ಪು ಸಕ್ಕರೆ ಬೆರೆತ ನೀರಿನಲ್ಲಿ ತೇಲಿಬಿಟ್ಟ. ಒಂದಕ್ಕೆ ತನ್ನ ಸಂಯುಕ್ತವನ್ನು ಹಾಕಿದ, ಇನ್ನೊಂದಕ್ಕೆ ಹಾಕಲಿಲ್ಲ. ಮೈಬಿಸಿಯಷ್ಟು ಕಾಯಿಸಿದ ನೀರಿನ ತೊಟ್ಟಿಯಲ್ಲಿ ಎರಡನ್ನೂ ಮುಳುಗಿಸಿ ಕೈಯಿಂದಲೇ ತೂಗುತ್ತ ನಿಂತ, ಎಲುಬಿಗೆ ಗಾಳಿ ಸಿಗಬೇಕು. ನೀರು ಆರದಂತೆ, ಹೆಚ್ಚು ಕಾಯದಂತೆ, ತೊಟ್ಟಿಲ ಹಗ್ಗ ಹಿಡಿದವರ ಹಾಗೆ ಮಧ್ಯಾಹ್ನ ಪೂರ್ತಿ ತೂಗಿದ. ಒಳಗೆ ಏನಾಗುತ್ತಿದೆಯೆಂದು ಕಣ್ಣಿಗೆ ಕಾಣುವಂತಿರಲಿಲ್ಲ. ಆದರೆ ಈ ವರ್ಷದಲ್ಲಿ ಮೊದಲ ಸಲ, ಒಳಗೆ ಯಾರೋ ಇದ್ದಾರೆ ಎಂಬ ನಂಬಿಕೆಯಿಂದ ಅವನು ಬಾಗಿಲು ತಟ್ಟುತ್ತಿದ್ದ.

ಗಂಗಾಧರಯ್ಯನವರು ಬಂದಾಗ ಬಿಸಿಲು ಇಳಿದಿತ್ತು. ಕೈಚೀಲವನ್ನು ಮೇಜಿನ ಮೇಲಿಡದೆ ತೊಡೆಯ ಮೇಲೆಯೇ ಇಟ್ಟುಕೊಂಡು ಕೂತರು, ಬೇಗ ಏಳಬೇಕಾದವರ ಹಾಗೆ. “ಹೂಂ, ಮೂರ್ತಿಯವರೇ. ಮುಗಿಸಿಬಿಡೋಣ. ವಾಪಸ್ ರೈಲಿದೆ ನನಗೆ.” ಅವನ ಪಂಚೆಯ ಕಲೆಯತ್ತ ಒಮ್ಮೆ, ಗಡಿಯಾರದತ್ತ ಒಮ್ಮೆ ನೋಡಿದರು. ಓಂಕಾರಮೂರ್ತಿ ಹೋಳುಗಳನ್ನು ತೆಗೆದುಹಾಕಿ, ದ್ರವವನ್ನು ಕಾಯಿಸಿ, ಸೋಸಿ, ಎರಡು ನಳಿಗೆಗಳಿಗೆ ಹೊಯ್ದ. ಎರಡೂ ತಿಳಿಯಾಗಿದ್ದವು, ಎಷ್ಟೋ ಸಲ ಕಂಡ ಅದೇ ತಿಳಿ. ಸಕ್ಕರೆಯ ಸರಗಳಿದ್ದರೆ ಅವನ್ನು ಹಿಡಿದು ಬಿಳಿಯ ಮಡ್ಡಿಯಾಗಿ ತೋರಿಸುವ ದ್ರಾವಣವೊಂದಿದೆ, ಸಾಬೂನಿನ ಜಾತಿಯದು. ಅದನ್ನು ಸಂಯುಕ್ತವಿಲ್ಲದ ನಳಿಗೆಗೆ ಮೊದಲು ಬಿಟ್ಟ. ಇದೆಯೋ ಇಲ್ಲವೋ ಎನ್ನುವಷ್ಟು ಮಬ್ಬು ಬಂದು ನಿಂತಿತು. ಎರಡನೆಯ ನಳಿಗೆಯ ಮೇಲೆ ಹನಿ ತೂಗುತ್ತಿದ್ದಾಗ ಅವನಿಗೆ ಬೆಂಗಳೂರಿನ ಆ ಊಟದ ಮೇಜು, ನಗುತ್ತಿದ್ದ ತನ್ನ ಬಾಯಿ ನೆನಪಾಯಿತು. ಇಲ್ಲಿ ಸುಳ್ಳಾದರೆ ಮತ್ತೆ ಅದೇ ಬಾಯಿಯನ್ನು ಹೊತ್ತು ಬದುಕಬೇಕು. ಹನಿ ಬಿತ್ತು. ಬಿದ್ದಲ್ಲಿ ಬಿಳಿಯ ಎಳೆಯೊಂದು ಹುಟ್ಟಿ ಕೆಳಗಿಳಿಯಿತು. ಇನ್ನೊಂದು ಹನಿ. ಎಳೆಗಳು ಒಂದನ್ನೊಂದು ಸುತ್ತಿಕೊಂಡವು, ತುಂಬಿಕೊಂಡವು. ನಳಿಗೆ ತಳದಿಂದ ಕುತ್ತಿಗೆಯವರೆಗೆ ಹಾಲಾಯಿತು.

ಗಂಗಾಧರಯ್ಯನವರು ಕೈಚೀಲವನ್ನು ಮೇಜಿನ ಮೇಲಿಟ್ಟರು. ಎರಡೂ ನಳಿಗೆಗಳನ್ನು ಕಿಟಕಿಗೆ ಒಯ್ದು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. ಮಾತು ಬಂದಾಗ ಅದು ಎಂದಿನಂತೆ ಒಣದಾಗಿಯೇ ಇತ್ತು.

“ಬೆಳ್ಳಗಾಯಿತು, ಸರಿ. ಕಿಣ್ವದ ಕೆಲಸ ಅಂತ ಹೇಗ್ರೀ ಹೇಳ್ತೀರಿ? ಲವಂಗದ ಬಾಲ ಇರೋ ನಿಮ್ಮ ಸಂಯುಕ್ತವೇ ಈ ಸಾಬೂನಿನ ಜೊತೆ ಕೂಡಿ ಹೀಗಾಗಿರಬಹುದು. ಯಾವ ಪರೀಕ್ಷಕನೂ ಮೊದಲು ಕೇಳೋದು ಇದನ್ನೇ. ಕಿಣ್ವ ಸತ್ತಿರೋ ಎಲುಬಿನ ಮೇಲೆ ಇದೇ ಸಂಯುಕ್ತ ಹಾಕಿ ನೋಡಿದ್ದೀರಾ? ಚೆನ್ನಾಗಿ ಕುದಿಸಿದ ಎಲುಬಿನ ಮೇಲೆ?”

ಓಂಕಾರಮೂರ್ತಿಗೆ ನಗೆ ಬಂತು. ಅದು ಬೆಂಗಳೂರಿನ ಮೇಜಿನ ನಗೆಯಾಗಿರಲಿಲ್ಲ. ಹೊಟ್ಟೆಯಿಂದ ಬಂದು, ತಡೆದರೂ ನಿಲ್ಲದೆ, ಭುಜಗಳನ್ನು ಕುಲುಕಿಸಿತು.

“ನೋಡಿದ್ದೇನೆ ಸಾರ್. ಒಂದು ವರ್ಷ ಪೂರ್ತಿ ನೋಡಿದ್ದೇನೆ. ಅದನ್ನು ಬಿಟ್ಟು ಬೇರೆ ಏನೂ ಮಾಡಿಲ್ಲ.”

ಹಿತ್ತಲ ಬಾಗಿಲು, ತಪ್ಪಲೆ, ಮುತ್ತುಗದ ಎಲೆ: ಯಾವುದನ್ನೂ ಮರೆಸದೆ ಹೇಳಿದ. ಪೊಟ್ಟಣವನ್ನು ಕಣ್ಣು ತಿರುಗಿಸಿಕೊಂಡು ಎತ್ತಿಕೊಳ್ಳುತ್ತಿದ್ದುದನ್ನೂ ಹೇಳಿದ. ಗಂಗಾಧರಯ್ಯನವರು ಕೇಳುತ್ತ ಕೇಳುತ್ತ ಸ್ಟೂಲಿನ ಮೇಲೆ ಕುಸಿದು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳತೊಡಗಿದರು. ಅವರು ನಗುವುದನ್ನು ಅವನು ಹತ್ತಿರದಿಂದ ಕಂಡದ್ದು ಅದೇ ಮೊದಲು.

“ಹಂಗಾದ್ರೆ, ನಾನು ಕೆಂಪು ಗೆರೆ ಎಳೆದ ವರದಿಗಳು? ಬಿಸಾಕಿಲ್ಲ ತಾನೆ? ಅವೇ ಕಣ್ರೀ ನಿಮ್ಮ ಎರಡನೇ ಅಧ್ಯಾಯ! ಸತ್ತ ಎಲುಬಿನ ಮೇಲೆ ಇಷ್ಟು ಶ್ರದ್ಧೆಯಿಂದ ಪ್ರಯೋಗ ಮಾಡಿದೋನು ಇನ್ನೊಬ್ಬ ಸಿಗಲಿಕ್ಕಿಲ್ಲ.” ಎದ್ದು ಬಂದು, ಹಾಲಾದ ನಳಿಗೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. “ಜಡ ಅಂತ ಬರೆದೋನು ನಾನು. ಅದನ್ನು ಹೊಡೆದುಹಾಕೋನೂ ನಾನೇ. ಅವಧಿಯ ವಿಷಯ ನನಗೆ ಬಿಡಿ. ನಾಳೆ ಇನ್ನೊಂದು ಸಲ ಮಾಡಿ, ನಾನು ಪ್ರವಾಸಿ ಮಂದಿರದಲ್ಲಿ ಉಳ್ಕೊಳ್ತೀನಿ. ಒಂದು ಸಲ ಆದದ್ದು ಆದದ್ದಲ್ಲ.”

ಮನೆಗೆ ಬಂದಾಗ ಹೆಂಡತಿ ಮಲ್ಲಿಕಾಂಬ ಬಾಗಿಲಲ್ಲೇ ನಿಂತಿದ್ದಳು. ಪಂಚೆಯನ್ನು ನೋಡಿ ಹುಬ್ಬು ಏರಿಸಲಿಲ್ಲ.

“ಮಾವ ಬಂದಿದ್ರು,” ಎಂದಳು.

“ಏನಂದರು?”

“ನಿನ್ನ ಗಂಡ ಕುರಿ ಹೊತ್ಕೊಂಡ್ ತಿರುಗ್ತಾನೆ ಅಂದ್ರು. ನಂಗೊತ್ತು ಅಂದೆ.”

ಅವನು ಮೆಟ್ಟಿಲ ಮೇಲೇ ನಿಂತ. “ನಿನಗೆ ಗೊತ್ತಿತ್ತೇ?”

“ಸಭೆಯಂತೆ ಸಭೆ! ನಿಮ್ಮ ಚೀಲ ಒಗೆಯೋಳು ಯಾರ್ರೀ? ಮೂಗಿಲ್ವಾ ನಂಗೆ? ನೀ ಯಾಕೆ ಸುಮ್ನಿದ್ದೆ ಅಂತ ಮಾವ ರೇಗಿದ್ರು. ಅವರು ತಿನ್ನೋಕೆ ತರ್ತಿಲ್ಲ, ತಿಳ್ಕೊಳ್ಳೋಕೆ ತರ್ತಿದ್ದಾರೆ, ಹೇಳೋ ಧೈರ್ಯ ಬಂದಾಗ ಹೇಳ್ತಾರೆ ಅಂದೆ.” ಸ್ವಲ್ಪ ತಡೆದು, ಧ್ವನಿ ತಗ್ಗಿಸಿ ಕೇಳಿದಳು: “ಆಯ್ತಾ?”

“ಆಯಿತು.”

ಮಲ್ಲಿಕಾಂಬ ತಲೆಯಾಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ಅವನಿಗೆ ತೋರಿಸದಿರಲು ಒಳಗೆ ಹೋದಳು. ಅವನು ಸ್ನಾನ ಮಾಡಿ ಪೂಜೆಗೆ ಕೂತಾಗ ಅಂಗೈಯ ಮೇಲಿನ ಲಿಂಗ ಎಂದಿನಷ್ಟೇ ತೂಕವಾಗಿ, ಎಂದಿನಷ್ಟೇ ತಣ್ಣಗೆ ಇತ್ತು. ಅದರ ಮುಂದೆ ವಿವರಿಸಬೇಕಾದ್ದು ಏನೂ ಉಳಿದಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ತರೀಕೆರೆಯ ಬಸ್ಸಿಗೆ ಹೋಗಲಿಲ್ಲ. ಅಗಲ ಬಾಯಿಯ ಸ್ಟೀಲಿನ ಡಬ್ಬಿಯನ್ನು ಕೈಯಲ್ಲಿ ಹಿಡಿದು ಕಡೂರಿನ ಪೇಟೆಯ ಬೀದಿಯಲ್ಲಿ ನಡೆದ. ಗುಲಾಮ್ ಮೊಹಿದ್ದೀನರ ಮಾಂಸದಂಗಡಿಯ ಮುಂದೆ ಐದಾರು ಜನರಿದ್ದರು. ಅವನನ್ನು ಕಂಡು ಮಾತು ನಿಂತಿತು.

“ಮೇಷ್ಟ್ರೇ, ಪೋಸ್ಟಾಫೀಸು ಆ ಕಡೆ,” ಎಂದರು ಮೊಹಿದ್ದೀನರು, ಅವನು ದಾರಿತಪ್ಪಿ ಬಂದಿರಬಹುದೆಂದು.

“ಪೋಸ್ಟಾಫೀಸಿನಲ್ಲಿ ಎಳೇ ಕುರಿಯ ಉಸಿರುನಾಳ ಸಿಗೋದಿಲ್ಲವಲ್ಲ ಸಾಬ್ರೇ. ಹಸಿಯದು ಬೇಕು. ಈಗ ಕೊಯ್ದದ್ದು.”

ಎಲ್ಲರೂ ನಕ್ಕರು, ನಗೆಯಲ್ಲಿ ಮುಳ್ಳು ಇತ್ತೋ ಇಲ್ಲವೋ, ಅವನು ಹುಡುಕಲಿಲ್ಲ. ಮುಂದೆ ಬನ್ನಿ ಎಂದು ಜಾಗ ಬಿಟ್ಟವರಿಗೆ ಬೇಡವೆಂದು ಸಾಲಿನ ಕೊನೆಯಲ್ಲಿ ನಿಂತ. ಎದುರಿನ ಮಂಡಿಯ ಬಾಗಿಲು ತೆರೆಯಿತು. ಶಿವಮೂರ್ತಪ್ಪನವರು ಒಗೆದ ಧೋತ್ರ ಉಟ್ಟು ಕಟ್ಟೆಯ ಮೇಲೆ ಬಂದು ನಿಂತು, ಬೀದಿಯ ಈಚೆ ಬದಿಯನ್ನು ನೋಡಿದರು. ಓಂಕಾರಮೂರ್ತಿ ಡಬ್ಬಿಯನ್ನು ಕಂಕುಳಿಗೆ ಸೇರಿಸಿ ಎರಡೂ ಕೈ ಜೋಡಿಸಿದ. ಅವರು ಕೈಯೆತ್ತಲಿಲ್ಲ; ಮುಖವನ್ನೂ ತಿರುಗಿಸಲಿಲ್ಲ. ನಿಂತು ನೋಡುತ್ತಲೇ ಇದ್ದರು. ನೋಡಲಿ ಎಂದುಕೊಂಡು ಅವನು ಅವರಿಗೆ ಚೆನ್ನಾಗಿ ಕಾಣುವಂತೆ ಒಂದು ಹೆಜ್ಜೆ ಬೀದಿಗೆ ಸರಿದು, ಬಿಸಿಲಿನಲ್ಲಿ, ತನ್ನ ಸರದಿಗೆ ಕಾಯುತ್ತ ನಿಂತ.